ಗಾಣಕ್ಕೆ ಬಾರದ ಕೊಬ್ಬರಿ

ತುರುವೇಕೆರೆ ಸೀಮೆಯ ಹಳೆಯ ಊರುಗಳಲ್ಲಿ, ಗುಡಿಯ ಹಿಂದೆಯೋ ತೋಟದ ಬೇಲಿಯ ಮೂಲೆಯಲ್ಲೋ, ಅರ್ಧ ಮಣ್ಣಿನಲ್ಲಿ ಹೂತುಹೋದ ದಪ್ಪ ಕಲ್ಲೊಂದು ಕಂಡರೂ ಕಾಣಬಹುದು. ನಡುವೆ ಕೊಡದ ಬಾಯಿಯಂಥ ಗುಳಿ. ಮಳೆ ಬಂದಾಗ ಅದರಲ್ಲಿ ನೀರು ನಿಲ್ಲುತ್ತದೆ, ಕೋಳಿಗಳು ಕುಡಿಯುತ್ತವೆ. ಹುಡುಗರನ್ನು ಕೇಳಿದರೆ ದನಕ್ಕೆ ನೀರಿಡುವ ಬಾನಿ ಅನ್ನುತ್ತಾರೆ. ಎಪ್ಪತ್ತು ದಾಟಿದವರು ಯಾರಾದರೂ ಜೊತೆಗಿದ್ದರೆ ಮಾತ್ರ ಅದಕ್ಕೆ ಅದರ ಹೆಸರು ಸಿಗುತ್ತದೆ: ಗಾಣದ ಕಲ್ಲು.

ಹೆಸರು ಸಿಕ್ಕ ಕೂಡಲೇ ನಮ್ಮ ತಲೆಯಲ್ಲಿ ಕತೆಯೂ ತಯಾರಾಗಿಬಿಡುತ್ತದೆ. ಸುತ್ತ ಕಣ್ಣು ಹಾಯಿಸಿದಷ್ಟೂ ತೆಂಗು, ನಡುವೆ ಎಣ್ಣೆಗಾಣ. ಇಲ್ಲಿ ಕೊಬ್ಬರಿ ಅರೆದು ಎಣ್ಣೆ ತೆಗೆಯುತ್ತಿದ್ದರು, ಆಮೇಲೆ ಮಿಲ್ಲು ಬಂತು, ಗಾಣ ನಿಂತಿತು. ನಾನೂ ಬಹಳ ದಿನ ಹಾಗೇ ನಂಬಿಕೊಂಡಿದ್ದೆ. ತಿಪಟೂರಿನ ಕೊಬ್ಬರಿಯ ದಾರಿ ಒಂದು, ಗಾಣದ ದಾರಿ ಇನ್ನೊಂದು ಎಂದು ತಿಳಿದದ್ದು ಆಮೇಲೆ. ಅಟ್ಟದ ಮೇಲೆ ಕೊಬ್ಬರಿ ರಾಶಿ ಬಿದ್ದಿದ್ದ ಮನೆಯ ಮುಂದೆಯೇ ಗಾಣ ತಿರುಗುತ್ತಿತ್ತು. ಅದರ ಒರಳಿಗೆ ಬೀಳುತ್ತಿದ್ದದ್ದು ಹೆಚ್ಚಾಗಿ ಹುಚ್ಚೆಳ್ಳು, ಹೊಂಗೆಬೀಜ, ಹಿಪ್ಪೆಬೀಜ.

ಯುರೋಪಿನ ಹಳ್ಳಿ ಎಂದರೆ ಗಾಳಿಗಿರಣಿಯ ಚಿತ್ರ ಕಣ್ಣಮುಂದೆ ಬರುತ್ತದೆ. ಅಲ್ಲಿ ಗೋಧಿ ಬೀಸಲು, ಹಾಲೆಂಡಿನಲ್ಲಿ ತಗ್ಗುನೆಲದ ನೀರು ಹೊರಹಾಕಲು ಗಾಳಿಯನ್ನೇ ದುಡಿಸಿಕೊಂಡರು. ನಮ್ಮಲ್ಲಿ ರಾಗಿ ಬೀಸುವುದು ಊರಿನ ಕೆಲಸವಾಗಿರಲಿಲ್ಲ, ಮನೆಯ ಹೆಂಗಸರ ಕೆಲಸವಾಗಿತ್ತು. ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕೂತವಳ ರಟ್ಟೆಯೇ ಅದರ ಎಂಜಿನ್ನು. ಎಣ್ಣೆ ಹಿಂಡುವುದು ಮಾತ್ರ ಒಬ್ಬರ ರಟ್ಟೆಗೆ ನೀಗುವಂಥದ್ದಲ್ಲ. ಹಾಗಾಗಿ ಮೈಸೂರು ಸೀಮೆಯ ಹಳ್ಳಿಗಳಿಗೆ ಗಿರಣಿ ಅಂತ ಏನಾದರೂ ಇದ್ದಿದ್ದರೆ ಅದು ಗಾಣ. ಅದನ್ನು ತಿರುಗಿಸಿದ್ದು ಎತ್ತು.

ಗಾಣ ನೋಡಲು ಸರಳ. ಗಟ್ಟಿ ಕಣಶಿಲೆಯನ್ನು ಒರಳಾಗಿ ಕಡೆದು, ಬುಡವನ್ನು ಆಳಕ್ಕೆ ಹೂಳಬೇಕು. ಮೇಲೆ ಕಾಣುವುದಕ್ಕಿಂತ ನೆಲದೊಳಗೆ ಇರುವುದೇ ಹೆಚ್ಚಾಗಿರಬೇಕು, ಇಲ್ಲದಿದ್ದರೆ ಎತ್ತು ಎಳೆದ ಎಳೆತಕ್ಕೆ ಕಲ್ಲೇ ಕಿತ್ತುಬರುತ್ತದೆ. ಒರಳಿನೊಳಗೆ ಓರೆಯಾಗಿ ನಿಲ್ಲುವ ಮರದ ಒನಕೆ. ಒನಕೆಯ ತಲೆಗೆ ಹಗ್ಗದಿಂದಲೋ ಕೊಕ್ಕೆಯಿಂದಲೋ ಸೇರಿದ ಅಡ್ಡಮರ, ಅದರ ತುದಿಗೆ ನೊಗ. ಅಡ್ಡಮರದ ಮೇಲೆ ಭಾರಕ್ಕೆಂದು ಗುಂಡುಕಲ್ಲು ಹೇರುತ್ತಿದ್ದರು. ಕಲ್ಲು ಸಾಲದಿದ್ದರೆ ಗಾಣಿಗನೇ ಹತ್ತಿ ಕೂರುತ್ತಿದ್ದ, ಅವನಿಗೆ ಬೇರೆ ಕೆಲಸವಿದ್ದರೆ ಮನೆಯ ಮಕ್ಕಳು. ಹುಡುಗರಿಗೆ ಅದು ದುಡಿಮೆಯೂ ಹೌದು, ತೊಟ್ಟಿಲೂ ಹೌದು. ಎತ್ತು ಸುತ್ತಿದಂತೆ ಒನಕೆ ಒರಳಿನ ಗೋಡೆಗೆ ಬೀಜವನ್ನು ಒತ್ತಿ ಉಜ್ಜುತ್ತದೆ. ಒಂದು ಸಲಕ್ಕೆ ಹತ್ತು ಹನ್ನೆರಡು ಕೆಜಿ ಬೀಜ, ಅದಕ್ಕೆ ಒಂದೂವರೆ ಎರಡು ಗಂಟೆ. ನಡುವೆ ಒಂದಿಷ್ಟು ನೀರು ಚಿಮುಕಿಸಬೇಕು. ಎಷ್ಟು, ಯಾವಾಗ ಎಂಬುದರಲ್ಲಿಯೇ ಗಾಣಿಗನ ಕಸುಬೆಲ್ಲ ಇತ್ತು. ನೀರು ಕಡಿಮೆಯಾದರೆ ಹಿಂಡಿ ಪುಡಿಯಾಗಿ ಎಣ್ಣೆ ಅದರಲ್ಲೇ ಉಳಿಯುತ್ತದೆ. ಹೆಚ್ಚಾದರೆ ಎಣ್ಣೆ ಕದಡಿ ಬೇಗ ಕೆಡುತ್ತದೆ. ಸರಿಯಾಗಿ ಬಿದ್ದರೆ ಹಿಂಡಿ ಗೋಡೆಗೆ ರೊಟ್ಟಿಯಂತೆ ಹತ್ತಿಕೊಂಡು ನಡುಗುಳಿಯಲ್ಲಿ ಎಣ್ಣೆ ನಿಲ್ಲುತ್ತದೆ. ಕೆಲವು ಗಾಣಗಳಿಗೆ ಎಣ್ಣೆ ಹರಿಯಲು ತೂತು ಇರುತ್ತಿತ್ತು. ತೂತಿಲ್ಲದ ಗಾಣದಲ್ಲಿ ಬಟ್ಟೆ ಅದ್ದಿ ಹಿಂಡಿ ಹಿಂಡಿ ಎಣ್ಣೆ ತೆಗೆಯುತ್ತಿದ್ದರು.

ಎತ್ತಿನ ಕಣ್ಣಿಗೆ ಪಟ್ಟಿ ಕಟ್ಟುವುದನ್ನು ಎಲ್ಲರೂ ಕೇಳಿದ್ದಾರೆ. ಗಾಣದೆತ್ತು ಎಂಬ ಮಾತು ಗಾಣ ಹೋದಮೇಲೂ ಆಫೀಸುಗಳಲ್ಲಿ ದಿನಾ ಕಿವಿಗೆ ಬೀಳುತ್ತದೆ. ನಮ್ಮ ದೇಶದ ಗಾಣಗಳ ಬಗ್ಗೆ ಅತ್ಯಂತ ಶ್ರದ್ಧೆಯಿಂದ ಬರೆದವರು ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ವಿಜ್ಞಾನಿ ಕೆ. ಟಿ. ಅಚಯ. ಎಣ್ಣೆಯ ರಸಾಯನಶಾಸ್ತ್ರ ಅವರ ಕ್ಷೇತ್ರ. ಆದರೆ ಯಾವ ಸೀಮೆಯಲ್ಲಿ ಒರಳು ಕಲ್ಲಿನದು, ಎಲ್ಲಿ ಮರದ್ದು, ಎಲ್ಲಿ ಒಂದು ಎತ್ತು, ಎಲ್ಲಿ ಎರಡು ಎಂಬುದನ್ನೂ ಅಷ್ಟೇ ಗಂಭೀರವಾಗಿ ತೆಗೆದುಕೊಂಡರು.

ಒಂದೇ, ಎರಡೇ ಎಂಬುದು ನಮ್ಮಲ್ಲಿ ಜನರ ಹೆಸರನ್ನೇ ನಿರ್ಧರಿಸಿತ್ತು. ಮೈಸೂರು ಸಂಸ್ಥಾನದ ಹಳೆಯ ಜನಗಣತಿ ವರದಿಗಳು ಗಾಣಿಗರನ್ನು ಗಾಣದ ಮೇಲೆಯೇ ವಿಂಗಡಿಸಿವೆ. ಕಲ್ಲುಗಾಣಕ್ಕೆ ಜೋಡೆತ್ತು ಕಟ್ಟುವವರು ಹೆಗ್ಗಾಣಿಗರು, ಮರದ ಗಾಣ ಆಡಿಸುವವರು ಕಿರುಗಾಣಿಗರು, ಒಂದೇ ಎತ್ತಿನವರು ಒಂಟೆತ್ತು ಗಾಣಿಗರು. ಇವೆಲ್ಲದರ ಜೊತೆಗೆ ಜ್ಯೋತಿಪಣ, ಜ್ಯೋತಿನಗರ ಎಂಬ ಹೆಸರುಗಳೂ ಬರುತ್ತವೆ. ನನ್ನ ಮಟ್ಟಿಗೆ ಕತೆಯ ಬೀಗದ ಕೈ ಇರುವುದು ಈ ಜ್ಯೋತಿಯಲ್ಲಿ. ಎಣ್ಣೆ ಎಂದ ತಕ್ಷಣ ನಮಗೆ ನೆನಪಾಗುವುದು ಬಾಣಲೆ, ಒಗ್ಗರಣೆ. ಅವರಿಗೆ ನೆನಪಾಗುತ್ತಿದ್ದದ್ದು ದೀಪ. ಸಂಜೆ ಆದಮೇಲೆ ಊರಿನಲ್ಲಿ ಬೆಳಕು ಇರಬೇಕಾದರೆ ಗಾಣ ಹಗಲೆಲ್ಲ ತಿರುಗಿರಬೇಕಿತ್ತು.

ಶಾಸನಗಳಲ್ಲೂ ಇದೇ ಎದ್ದು ಕಾಣುತ್ತದೆ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟವಾಗಿ ಹೊರತಂದರು. ಕನ್ನಡ ನಾಡಿನ ಯಾವ ಜಿಲ್ಲೆಯ ಶಾಸನ ಸಂಪುಟ ತೆಗೆದರೂ ಗಾಣ ಎರಡು ರೀತಿಯಲ್ಲಿ ಬರುತ್ತದೆ: ತೆರಿಗೆಯಾಗಿ, ದಾನವಾಗಿ. ಮಗ್ಗದೆರೆಯ ಪಕ್ಕದಲ್ಲಿ ಗಾಣದೆರೆ. ದೇವರ ನಂದಾದೀವಿಗೆಗೆ ಗಾಣವೊಂದಕ್ಕೆ ಇಷ್ಟು ಎಣ್ಣೆ ಎಂಬ ಕಟ್ಟಳೆ. ಎಣ್ಣೆ ಅಳೆಯಲು ಸೊಲ್ಲಗೆ. ಎಣ್ಣೆಯವರ ಸಂಘಕ್ಕೆ ತೆಲ್ಲಿಗರೈವತ್ತೊಕ್ಕಲು ಎಂಬ ಹೆಸರು. ವ್ಯಾಪಾರಿ ಸಂಘಗಳ ಜೊತೆ ಕೂತು ದಾನಕ್ಕೆ ಒಪ್ಪಿಗೆ ಕೊಡುವಷ್ಟು ತೂಕ ಅವರಿಗಿತ್ತು. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಗಾಣದ ಕಣ್ಣಪ್ಪ ಇದ್ದಾನೆ. ನಂದಾದೀವಿಗೆ ಎಂದರೆ ಆರಬಾರದ ದೀಪ. ಆರಬಾರದು ಎಂದು ಕಲ್ಲಿನಲ್ಲಿ ಕೊರೆಸುವುದು ಸುಲಭ. ಅದಕ್ಕೆ ಎಣ್ಣೆ ಹೊಂದಿಸಬೇಕಾದದ್ದು ಗಾಣಿಗ ಮತ್ತು ಅವನ ಎತ್ತು, ದಿನ ಬಿಡದೆ.

ಈ ಸೀಮೆಯಲ್ಲಿ ಅಂಥ ದೀಪಗಳಿಗೇನೂ ಬರವಿರಲಿಲ್ಲ. ಅರಳಗುಪ್ಪೆಯ ಕಲ್ಲೇಶ್ವರ ನೊಳಂಬರ ಕಾಲದ್ದು, ಅದೇ ಊರಿನ ಚೆನ್ನಕೇಶವ ಹೊಯ್ಸಳರದ್ದು. ತುರುವೇಕೆರೆಯಲ್ಲಿ ಹದಿಮೂರನೆಯ ಶತಮಾನದ ಚೆನ್ನಿಗರಾಯ, ಮೂಲೆ ಶಂಕರೇಶ್ವರ. ಕನ್ನಡಿಯಂತೆ ನುಣುಪಾದ ನಂದಿಯಿರುವ ಗಂಗಾಧರೇಶ್ವರ. ಆ ಕಗ್ಗತ್ತಲ ಗರ್ಭಗುಡಿಗಳಲ್ಲಿ ದೇವರ ಮುಖ ಕಾಣಬೇಕಾದರೆ ಎಷ್ಟು ಗಾಣಗಳು ತಿರುಗಿರಬೇಕು, ಲೆಕ್ಕ ಹಾಕಿ. ಶಿಲ್ಪಗಳನ್ನು ನೋಡಿ ಬೆರಗಾಗುವ ನಾವು ಅವುಗಳ ಬೆಳಕಿನ ಖರ್ಚನ್ನು ಕೇಳುವುದೇ ಇಲ್ಲ.

ಹಾಗಾದರೆ ಯಾವ ಎಣ್ಣೆ? ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆ ಸುತ್ತಲು ಬಂದ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ, ಕಂಡದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ಚಟದವನು. ಬೆಂಗಳೂರಿನ ಜ್ಯೋತಿಪಣರ ಗಾಣವನ್ನು ಅವನು ವಿವರವಾಗಿ ದಾಖಲಿಸಿದ್ದಾನೆ. ಅಲ್ಲಿ ಅರೆಯುತ್ತಿದ್ದವುಗಳಲ್ಲಿ ಎಳ್ಳು, ಹುಚ್ಚೆಳ್ಳು, ಹರಳು, ಹಿಪ್ಪೆ, ಹೊಂಗೆಗಳ ಜೊತೆ ಕೊಬ್ಬರಿಯೂ ಇದೆ. ಅಂದರೆ ಕೊಬ್ಬರಿಗೂ ಗಾಣಕ್ಕೂ ಪರಿಚಯವೇ ಇರಲಿಲ್ಲ ಎಂದಲ್ಲ. ಆದರೆ ಬೆಲೆಯ ಲೆಕ್ಕದಲ್ಲಿ ಅದು ಉಳಿದವುಗಳ ಸಾಲಿನದಲ್ಲ. ಹೊಂಗೆ ಹಳ್ಳದ ದಂಡೆಯಲ್ಲಿ ತಾನೇ ಬೆಳೆಯುತ್ತದೆ. ಬೀಜ ಆಯ್ದು ತಂದರೆ ಆಯಿತು. ಹಿಪ್ಪೆಯೂ ಹಾಗೇ. ಹುಚ್ಚೆಳ್ಳನ್ನು ರಾಗಿ ಹೊಲದ ಸಾಲಿನಲ್ಲಿ ಅಕ್ಕಡಿಯಾಗಿ ಚೆಲ್ಲುತ್ತಿದ್ದರು. ಹರಳಿಗಂತೂ ಗಾಣವೂ ಬೇಕಿಲ್ಲ. ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ಮೇಲೆ ತೇಲಿದ್ದನ್ನು ತೆಗೆದರೆ ಮನೆಯಲ್ಲೇ ಹರಳೆಣ್ಣೆ. ಹುಚ್ಚೆಳ್ಳೆಣ್ಣೆ ಅಡುಗೆಗೆ, ಹೊಂಗೆ ಹಿಪ್ಪೆ ದೀಪಕ್ಕೆ. ಹಿಂಡಿ ದನಕ್ಕೆ ಇಲ್ಲವೇ ಹೊಲಕ್ಕೆ. ಗಾಣಿಗನಿಗೆ ಕೂಲಿ ಎಂದು ಎಣ್ಣೆಯ ಪಾಲೋ ಹಿಂಡಿಯ ಪಾಲೋ. ಅದು ಊರೂರಿಗೆ ಬೇರೆ.

ಕರಾವಳಿಯವರಿಗೆ ತೆಂಗಿನೆಣ್ಣೆ ಇಲ್ಲದೆ ಒಲೆ ಹತ್ತುವುದಿಲ್ಲ. ನಮ್ಮ ತಿಪಟೂರು ಕಡೆಯವರು ಅದೇ ಎಣ್ಣೆಯಲ್ಲಿ ಒಗ್ಗರಣೆ ಹಾಕಿದರೆ ಮೂಗು ಮುರಿಯುತ್ತಾರೆ. ಅದು ತಲೆಗೆ ಹಚ್ಚುವ ಎಣ್ಣೆ, ಅಷ್ಟೇ. ತೆಂಗಿನ ಮಧ್ಯೆ ಹುಟ್ಟಿ ಬೆಳೆದವರಿಗೆ ಈ ಮುಜುಗರ ಏಕೆ? ಉತ್ತರ ಹವೆಯಲ್ಲಿದೆ ಎಂದು ನನ್ನ ಊಹೆ. ಕರಾವಳಿಯ ತೇವದ ಗಾಳಿಯಲ್ಲಿ ಕಾಯಿ ಇಡಿಯಾಗಿ ಒಣಗದೆ ಕೆಡುತ್ತದೆ. ಅದನ್ನು ಒಡೆದು, ಹೋಳನ್ನು ಬಿಸಿಲಿಗೋ ಹೊಗೆಗೋ ಒಡ್ಡಬೇಕು. ಹಾಗೆ ಒಣಗಿದ್ದು ಎಣ್ಣೆಗೇ ಸರಿ. ಇಲ್ಲಿ ಬಯಲುಸೀಮೆಯ ಒಣಹವೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಎಂಟು ತಿಂಗಳು, ಹತ್ತು ತಿಂಗಳು, ಒಮ್ಮೊಮ್ಮೆ ವರ್ಷವೇ ಮರೆತುಬಿಡಬಹುದು. ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಸದ್ದು. ಸುಲಿದು, ಚಿಪ್ಪನ್ನು ಹುಷಾರಾಗಿ ಒಡೆದರೆ ಬಿರುಕಿಲ್ಲದ ಗಿಟುಕು. ಒಂದು ಏಟು ಹೆಚ್ಚಾದರೆ ಉಂಡೆ ಹೋಳಾಗಿ ಬೆಲೆ ಬಿದ್ದುಹೋಗುತ್ತದೆ. ತೆಂಗಿನ ಮನೆಗಳಲ್ಲಿ ಮದುವೆ, ಮನೆ ಕಟ್ಟುವುದು, ಮಗನ ಓದು ಎಲ್ಲವೂ ಅಟ್ಟದ ಮೇಲಿನ ರಾಶಿ ನೋಡಿಕೊಂಡೇ ತೀರ್ಮಾನವಾಗುತ್ತಿದ್ದವು. ವರ್ಷವಿಡೀ ಕಾದು ಮಾಡಿದ ಇಂಥ ಉಂಡೆಯನ್ನು ಗಾಣಕ್ಕೆ ಹಾಕಿ ಅರೆಯಲು ಯಾರಿಗೆ ಮನಸ್ಸು ಬಂದೀತು?

ಉಂಡೆ ಕೊಬ್ಬರಿ ತಿನ್ನುವ ಕೊಬ್ಬರಿ. ಮಿಠಾಯಿಗೆ, ಪ್ರಸಾದಕ್ಕೆ, ಮದುವೆಯ ತಟ್ಟೆಗೆ. ದೆಹಲಿ, ರಾಜಸ್ಥಾನ, ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬಾದಾಮಿ ದ್ರಾಕ್ಷಿಯ ಸಾಲಿನಲ್ಲಿ ಅದಕ್ಕೆ ಜಾಗ. ತೆಂಗಿನ ಮರವನ್ನೇ ಹತ್ತಿರದಿಂದ ನೋಡದವರ ಹಬ್ಬಕ್ಕೆ ನಮ್ಮ ಅಟ್ಟದ ಸರಕು ಬೇಕು. ರೈಲು ಬರುವ ಮೊದಲು ಸರಕು ಎತ್ತಿನ ಬೆನ್ನ ಮೇಲೆ, ಗಾಡಿಗಳ ಮೇಲೆ ಸಾಗುತ್ತಿತ್ತು. ಗುಬ್ಬಿಯ ಸಂತೆ ಅಡಿಕೆ ಕೊಬ್ಬರಿಗಳ ದೊಡ್ಡ ಕಟ್ಟೆ. ಹಾಗಲವಾಡಿ ಪಾಳೆಯಗಾರರ ಚಿಕ್ಕನಾಯಕನಹಳ್ಳಿ ನೇಯ್ಗೆಯಿಂದಲೂ ತೋಟಗಳಿಂದಲೂ ಅನುಕೂಲಸ್ಥ ಊರು. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸನ ದಂಡು ಸೇರಲು ಹೊರಟಿದ್ದ ಮರಾಠರ ಪರಶುರಾಮ ಭಾವೂ ಅದನ್ನು ಸುಲಿಗೆ ಮಾಡಿದ. ಕೊಳ್ಳೆ ಹೊಡೆಯುವವರು ಬರಿಯ ಊರಿಗೆ ಬರುವುದಿಲ್ಲವಲ್ಲ. ಹೊನ್ನವಳ್ಳಿಯ ಗಂಗಾಪಾಣಿ ಎಂಬ ತೆಂಗಿನ ಎಳನೀರಿನ ಸವಿಯನ್ನು ರೈಸ್ ತಮ್ಮ ಗೆಜೆಟಿಯರಿನಲ್ಲಿ ವಿಶೇಷವಾಗಿ ಹೆಸರಿಸಿದ್ದಾರೆ.

ಆಗ ತಾಲ್ಲೂಕು ಕೇಂದ್ರ ಹೊನ್ನವಳ್ಳಿಯೇ. ತಿಪಟೂರು ದೊಡ್ಡದಾದದ್ದು ರೈಲಿನಿಂದ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಬಂದ ಹಳಿ ಗುಬ್ಬಿ, ತಿಪಟೂರು, ಅರಸೀಕೆರೆ ಹಾದು ಆ ದಶಕದ ಕೊನೆಗೆ ಹರಿಹರ ಮುಟ್ಟಿತು. ಹಳಿ ಹೊನ್ನವಳ್ಳಿಯನ್ನು ಬಿಟ್ಟು ತಿಪಟೂರನ್ನು ಹಿಡಿದದ್ದೇ, ಕಚೇರಿಯೂ ಅದರ ಹಿಂದೆಯೇ ಬಂತು. ಮಂಡಿಗಳು ಬಂದವು. ಮುಂಬಯಿ, ದೆಹಲಿಯ ಕಡೆಗೆ ಕೊಬ್ಬರಿ ಚೀಲ ಹೋಗಲು ದಾರಿ ಸಲೀಸಾಯಿತು.

ಅದೇ ರೈಲು ಬರುವಾಗ ಖಾಲಿ ಬರಲಿಲ್ಲ. ಚೌಕ ತಗಡಿನ ಡಬ್ಬಗಳಲ್ಲಿ ಒಂದು ಹೊಸ ಎಣ್ಣೆ ತಂದಿತು. ಮೊದಲು ಅಮೆರಿಕದ್ದು, ಆಮೇಲೆ ರಷ್ಯಾದ ಬಾಕು ಕಡೆಯದು, ಮುಂದೆ ಬರ್ಮಾದ್ದು. 1892ರಲ್ಲಿ ಮ್ಯೂರೆಕ್ಸ್ ಎಂಬ ಹಡಗು ಡಬ್ಬಗಳ ಗೋಜಿಲ್ಲದೆ ಎಣ್ಣೆಯನ್ನೇ ಹೊಟ್ಟೆಯಲ್ಲಿ ತುಂಬಿಕೊಂಡು ಸೂಯೆಜ್ ಕಾಲುವೆ ದಾಟಿ ಪೂರ್ವಕ್ಕೆ ಬಂತು. ಏಷ್ಯಾದಲ್ಲಿ ಅದರ ಬೆಲೆ ಇಳಿಯಿತು. ನಮ್ಮವರು ಅದಕ್ಕೆ ಸೀಮೆಎಣ್ಣೆ ಎಂದು ಹೆಸರಿಟ್ಟರು. ಸೀಮೆಸುಣ್ಣ, ಸೀಮೆಬದನೆ, ಸೀಮೆಹಸುವಿನಂತೆ ಇದೂ ಹೊರಗಿನಿಂದ ಬಂದದ್ದು. ಹೊಂಗೆಎಣ್ಣೆಯ ಹಣತೆ ಮಿಣುಕುವಲ್ಲಿ ಸೀಮೆಎಣ್ಣೆಯ ಬುಡ್ಡಿ ಧಗ್ಗನೆ ಉರಿಯುತ್ತದೆ. ಹೊಗೆ ಕಾರುತ್ತದೆ, ವಾಸನೆ ಬೇರೆ. ಆದರೆ ಬೀಜ ಆಯಬೇಕಿಲ್ಲ, ಗಾಣಿಗನ ಮನೆ ಮುಂದೆ ಸರದಿ ಕಾಯಬೇಕಿಲ್ಲ. ಕಾಸು ಕೊಟ್ಟರೆ ಸಂತೆಯಲ್ಲಿ ಸೀಸೆ ತುಂಬುತ್ತದೆ. ಖಾಲಿ ಡಬ್ಬ ಕೂಡ ದಂಡವಲ್ಲ, ನೀರು ಹೊರಲು ಬರುತ್ತದೆ.

ಗಾಣವನ್ನು ಕೊಂದದ್ದು ಮಿಲ್ಲು ಎಂದು ಎಲ್ಲರೂ ಹೇಳುತ್ತಾರೆ. ಮಿಲ್ಲು ಬರುವ ಹೊತ್ತಿಗೆ ಗಾಣದ ಅರ್ಧ ಜೀವ ಹೋಗಿತ್ತು ಎಂಬುದು ನನ್ನ ವಾದ. ದೀಪದ ಎಣ್ಣೆ ಹೋದದ್ದೇ ಜ್ಯೋತಿಪಣರ ಕೈಯಿಂದ ಜ್ಯೋತಿ ಹೋಯಿತು. ಉಳಿದದ್ದು ಅಡುಗೆಯ ಎಣ್ಣೆ ಮತ್ತು ದೇವರ ದೀಪ. ಸೀಮೆಎಣ್ಣೆಯನ್ನು ಯಾರೂ ಗರ್ಭಗುಡಿಯೊಳಗೆ ಬಿಟ್ಟುಕೊಳ್ಳಲಿಲ್ಲ. ಆ ಮಡಿ ಗಾಣಗಳಿಗೆ ಇನ್ನಷ್ಟು ವರ್ಷ ಉಸಿರು ಕೊಟ್ಟಿತು. ತಿಪಟೂರಿನಂಥ ಕಡೆ ಗಾಣಿಗ ಕೊಬ್ಬರಿಯತ್ತ ತಿರುಗಬಹುದಿತ್ತಲ್ಲ ಎನ್ನಬಹುದು. ಹೇಗೆ ತಿರುಗಿಯಾನು? ಅವನ ಬೆಳಕು ಕಸಿದ ರೈಲೇ ಕೊಬ್ಬರಿಯ ಬೆಲೆಯನ್ನು ಅವನ ಕೈಗೆಟುಕದಷ್ಟು ಮೇಲೇರಿಸಿತ್ತು. ಅವನ ಪಾಲಿಗೆ ಉಳಿದದ್ದು ಕೌಟು: ಒಳಗೆ ಕೆಟ್ಟು ಮುಗ್ಗಲು ಹಿಡಿದ, ಯಾವ ದಲ್ಲಾಳಿಯೂ ಮುಟ್ಟದ ಕೊಬ್ಬರಿ.

ಆಮೇಲಿನದು ಬೇಗ ಹೇಳಿ ಮುಗಿಸಬಹುದಾದ ಕತೆ. ಆಲ್ಫ್ರೆಡ್ ಚಾಟರ್ಟನ್ ಮದ್ರಾಸಿನಲ್ಲಿದ್ದಾಗ ಬಾವಿ ನೀರೆತ್ತಲು ಗಾಳಿಯಂತ್ರವನ್ನೂ ಎಣ್ಣೆ ಎಂಜಿನ್ನನ್ನೂ ಪರೀಕ್ಷಿಸಿ ನೋಡಿದ್ದವರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಮೈಸೂರಿನ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿ ಬಂದರು. ಗೆದ್ದದ್ದು ಎಂಜಿನ್ನು. ಪಂಪು, ಅಕ್ಕಿ ಗಿರಣಿ, ಹಿಟ್ಟಿನ ಗಿರಣಿ, ಎಣ್ಣೆ ಮಿಲ್ಲು ಎಲ್ಲಕ್ಕೂ ಅದೇ ಬೆಲ್ಟು, ಅದೇ ಕುಕ್ ಕುಕ್ ಸದ್ದು. ಇನ್ನೊಂದು ಕಡೆ ಗಾಂಧೀಜಿ 1934ರಲ್ಲಿ ವಾರ್ಧಾದಲ್ಲಿ ಗ್ರಾಮೋದ್ಯೋಗ ಸಂಘ ಕಟ್ಟಿ, ಜೆ. ಸಿ. ಕುಮಾರಪ್ಪನವರ ಕೈಗೆ ಕೊಟ್ಟರು. ಅಲ್ಲಿ ಝವೇರಭಾಯಿ ಪಟೇಲರು ಹಳೆಯ ಗಾಣವನ್ನೇ ತಿದ್ದಿ, ಎತ್ತಿಗೆ ಹಗುರಾಗಿ ಎಣ್ಣೆ ಹೆಚ್ಚು ಬರುವಂತೆ ವಾರ್ಧಾ ಗಾಣ ಮಾಡಿದರು. ಸ್ವಾತಂತ್ರ್ಯ ಬಂದಮೇಲೆ ಖಾದಿ ಆಯೋಗ ಅದನ್ನು ಹರಡಲು ನೋಡಿತು. ಕಡಲೆಕಾಯಿ ಎಣ್ಣೆ ಮಿಲ್ಲಿನಿಂದ ಅಗ್ಗಕ್ಕೆ ಬರುತ್ತಿದ್ದಾಗ ಎಷ್ಟು ತಿದ್ದಿದರೂ ಎತ್ತು ಎತ್ತೇ.

ಗಾಳಿಯ ಮಾತು ಒಂದು ಉಳಿಯಿತು. 1960ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ನೀರೆತ್ತುವ ಗಾಳಿಯಂತ್ರ ರೂಪಿಸಿತ್ತು. ಎಪ್ಪತ್ತರ ದಶಕದ ತೈಲ ಬಿಕ್ಕಟ್ಟಿನಲ್ಲಿ ಸೀಮೆಎಣ್ಣೆ, ಡೀಸೆಲ್ಲಿನ ಬೆಲೆ ಏರಿದಾಗ ಗಾಳಿ ಮತ್ತೆ ನೆನಪಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಪಿ. ಗೋವಿಂದರಾಜು ಮತ್ತು ರೊದ್ದಂ ನರಸಿಂಹ ಬಟ್ಟೆಯ ಹಾಯಿ ಕಟ್ಟಿದ ಅಗ್ಗದ ಗಾಳಿಯಂತ್ರವೊಂದನ್ನು ಮಾಡಿದರು. ಅದೇ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರುಮಾಡಿದ ಅಸ್ತ್ರ ಕೇಂದ್ರ, ತುರುವೇಕೆರೆಯ ಪಕ್ಕದ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ನೆಲೆ ಮಾಡಿಕೊಂಡಿತು. ಹಳ್ಳಿಗರ ಬಾಯಲ್ಲಿ ನಿಂತದ್ದು ಅದರ ಒಲೆ, ಅಸ್ತ್ರ ಒಲೆ. ತೆಂಗಿನ ತೋಟದ ನಡುವೆ ಗಾಳಿಯಂತ್ರ ನಿಲ್ಲಿಸುವುದು ಹೇಗೂ ಕಷ್ಟ. ಅರವತ್ತು ಎಪ್ಪತ್ತು ಅಡಿ ಮರಗಳೇ ಗಾಳಿಯನ್ನು ತಡೆದು ನುಂಗುತ್ತವೆ. ಈಗ ಉತ್ತರಕ್ಕೆ ಚಿತ್ರದುರ್ಗದ ಗುಡ್ಡಗಳ ಮೇಲೆ ದೊಡ್ಡ ರೆಕ್ಕೆಗಳು ತಿರುಗುತ್ತವೆ. ಅವು ಅರೆಯುವುದು ಏನನ್ನೂ ಅಲ್ಲ, ಕೊಡುವುದು ಕರೆಂಟು. ಆ ಕರೆಂಟು ತೋಟದ ಬೋರ್‌ವೆಲ್ಲಿಗೂ ಬರುತ್ತದೆ.

ಕೊಬ್ಬರಿಯ ಎರಡು ದಾರಿ ಇವತ್ತು ಸರ್ಕಾರಿ ಕಾಗದದಲ್ಲೂ ಇದೆ. ಕೇಂದ್ರ ಸರ್ಕಾರ ಪ್ರತಿ ವರ್ಷ ಎರಡು ಬೆಂಬಲ ಬೆಲೆ ಪ್ರಕಟಿಸುತ್ತದೆ, ಅರೆಯುವ ಕೊಬ್ಬರಿಗೆ ಒಂದು, ಉಂಡೆಗೆ ಒಂದು. 2025ರ ಹಂಗಾಮಿಗೆ ಅರೆಯುವುದಕ್ಕೆ ಕ್ವಿಂಟಾಲಿಗೆ 11,582 ರೂಪಾಯಿ, ಉಂಡೆಗೆ 12,100. ಮೊದಲನೆಯದು ಕೇರಳ, ತಮಿಳುನಾಡಿನ ಲೆಕ್ಕ, ಎರಡನೆಯದು ನಮ್ಮದು. 2023ರಲ್ಲಿ ತಿಪಟೂರು ಮಾರುಕಟ್ಟೆಯ ದರ ಬೆಂಬಲ ಬೆಲೆಗಿಂತ ಕೆಳಗೆ ಕುಸಿದು ರೈತರು ಬೀದಿಗಿಳಿದಿದ್ದರು. ಎರಡೇ ವರ್ಷದಲ್ಲಿ, 2025ರಲ್ಲಿ, ಅದೇ ಅಂಗಳದಲ್ಲಿ ಕ್ವಿಂಟಾಲು 20 ಸಾವಿರ ದಾಟಿ ಓಡಿತು. ಅಟ್ಟ ಖಾಲಿ ಮಾಡಿಕೊಂಡಿದ್ದವರು ಹಣೆ ಬಡಿದುಕೊಂಡರು.

ಗಾಣವೂ ಮರಳಿ ಬಂದಿದೆ. ಮರದ ಗಾಣದ ಎಣ್ಣೆ ಎಂದು ಬೋರ್ಡು ಹಾಕಿದ ಅಂಗಡಿ ಈಗ ಪೇಟೆಗಳಲ್ಲಿ ಸಾಮಾನ್ಯ. ಎತ್ತಿಲ್ಲ, ಮೋಟರಿದೆ, ಒರಳು ತಿರುಗುತ್ತದೆ, ಒನಕೆ ನಿಂತಿರುತ್ತದೆ. ಕಡಲೆಕಾಯಿ, ಎಳ್ಳು, ಹುಚ್ಚೆಳ್ಳು ಹಾಕುತ್ತಾರೆ. ಕೊಬ್ಬರಿಯನ್ನೂ ಅರೆದುಕೊಡುತ್ತಾರೆ, ತಂದುಕೊಟ್ಟರೆ. ತೆಂಗಿನ ಮನೆಯವರು ಅಲ್ಲಿಗೆ ಚೀಲ ಹಿಡಿದು ಬರುವ ಮೊದಲು ಅಟ್ಟದ ಕೆಳಗೆ ಕೂತು ಗಿಟುಕುಗಳನ್ನು ಒಂದೊಂದಾಗಿ ಮೂಸುತ್ತಾರೆ. ಚೆನ್ನಾಗಿರುವುದು ಮಂಡಿಯ ಚೀಲಕ್ಕೆ. ಕೌಟು ಗಾಣಕ್ಕೆ.